ಮೆದುಳು ಜ್ವರದ ವೈರಸ್: ಹಂದಿಯಿಂದ ಹರಡುವುದು ಮನುಷ್ಯನಿಂದ ಏಕೆ ಹರಡುವುದಿಲ್ಲ?

ಪ್ರಶ್ನೆ: ಶಾಲ್ಮಲಾ

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರದ ಲಸಿಕೆಯ ಬಗ್ಗೆ ಪೋಷಕರ ಸಭೆಯೊಂದರಲ್ಲಿ ಮಾತನಾಡುವ ಹೊಣೆ ನನಗೆ ಬಂದಿದೆ. ಈ ವೈರಸ್ ಸೊಳ್ಳೆಯಿಂದ ಬರುತ್ತದೆ, ಅದಕ್ಕೂ ಹಂದಿಗೂ ಸಂಬಂಧವಿದೆ, ಅದು ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ ಎಂಬಷ್ಟು ನನಗೆ ಗೊತ್ತು. ಆದರೆ ಪೋಷಕರು ಈಗಾಗಲೇ ಕೇಳುತ್ತಿರುವ ಪ್ರಶ್ನೆಗಳಿಗೆ ಅಷ್ಟು ತಿಳಿವಳಿಕೆ ಸಾಲದು.

ಒಬ್ಬ ತಂದೆಯ ವಾದ ಹೀಗಿದೆ: ತರಗತಿಯ ಉಳಿದ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಂಡರೆ ರೋಗ ಹರಡುವ ದಾರಿಯೇ ಮುಚ್ಚಿಹೋಗುತ್ತದೆ, ಆದ್ದರಿಂದ ಚುಚ್ಚುಮದ್ದಿಗೆ ಹೆದರುವ ತಮ್ಮ ಮಗನೊಬ್ಬನನ್ನು ಬಿಟ್ಟುಬಿಡಬಹುದು. ದಡಾರದ ವಿಷಯದಲ್ಲಿ ಹೀಗೆ ಆಗುತ್ತದೆಂದು ಅವರು ಓದಿದ್ದಾರೆ. ಒಬ್ಬ ತಾಯಿಗೆ, ಇದೇ ಜ್ವರದಿಂದ ಚೇತರಿಸಿಕೊಂಡು ಶಾಲೆಗೆ ಮರಳಿದ ಮಗುವಿನ ಪಕ್ಕದಲ್ಲಿ ತಮ್ಮ ಮಗಳನ್ನು ಕೂರಿಸಲು ಭಯ. ಇನ್ನು ಕೆಲವರು ಹಂದಿಗಳನ್ನೆಲ್ಲ ಓಡಿಸಿದರೆ ಸಾಕು ಎನ್ನುತ್ತಾರೆ. ಹಾಗೆನ್ನುವವರ ಕೊಟ್ಟಿಗೆಯಲ್ಲಿ ದನಗಳಿವೆ, ಅವುಗಳ ಬಗ್ಗೆ ಯಾರೂ ಏನೂ ಕೇಳುವುದಿಲ್ಲ. ಒಂದೇ ಸೊಳ್ಳೆ ಹಂದಿಯನ್ನೂ ದನವನ್ನೂ ಮನುಷ್ಯನನ್ನೂ ಕಚ್ಚುವಾಗ ಹಂದಿಯನ್ನು ಮಾತ್ರ ದೂರುವುದಕ್ಕೆ ಕಾರಣವೇನು? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು. ಅರ್ಧ ತಿಳಿದು ಹೇಳಿದರೆ ಇಂಥ ವಿಷಯದಲ್ಲಿ ಒಳಿತಿಗಿಂತ ಕೆಡುಕೇ ಹೆಚ್ಚಾದೀತು.

ಉತ್ತರ: ಕೊಟ್ಟಿಗೆವೈದ್ಯೆ

ಶಾಲ್ಮಲಾ ಅವರೇ, ನಾನು ಪಶುವೈದ್ಯೆ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಸಿಕ್ಕರೆ ಉಳಿದವು ತಾವಾಗಿ ಬಿಡಿಸಿಕೊಳ್ಳುತ್ತವೆ.

ಸೊಳ್ಳೆ ಒಂದು ಸಲಕ್ಕೆ ಹೀರುವ ರಕ್ತ ಬಹಳ ಕಡಿಮೆ. ಅಷ್ಟು ಸಣ್ಣ ಹನಿಯಲ್ಲಿ ಸೊಳ್ಳೆಗೆ ಸೋಂಕು ತಗಲಿಸುವಷ್ಟು ವೈರಸ್ ಇರಬೇಕಾದರೆ, ಆ ಪ್ರಾಣಿಯ ರಕ್ತದಲ್ಲಿ ವೈರಸ್ ಅಪಾರ ಸಂಖ್ಯೆಯಲ್ಲಿ ತುಂಬಿರಬೇಕು. ಹಂದಿಯಲ್ಲಿ ಹಾಗೆ ಆಗುತ್ತದೆ. ಸೋಂಕು ತಗಲಿದ ಮೇಲೆ ಎರಡರಿಂದ ನಾಲ್ಕು ದಿನ ಅದರ ರಕ್ತದಲ್ಲಿ ವೈರಸ್ ಪ್ರಮಾಣ ಬಹಳ ಮೇಲೇರಿರುತ್ತದೆ, ಆಮೇಲೆ ವೈರಸ್ಸಿನ ವಿರುದ್ಧ ದೇಹವೇ ತಯಾರಿಸುವ ಪ್ರತಿಕಾಯಗಳು ಹುಟ್ಟಿ ಅದು ಇಳಿಯುತ್ತದೆ. ಆ ನಾಲ್ಕು ದಿನಗಳಲ್ಲಿ ಕಚ್ಚಿದ ಸೊಳ್ಳೆ ಕೂಡ ತಕ್ಷಣ ಅಪಾಯಕಾರಿಯಲ್ಲ. ವೈರಸ್ ಅದರ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ತಲುಪಲು ಒಂದೆರಡು ವಾರ ಬೇಕು, ಬಿಸಿಲು ಹೆಚ್ಚಿದ್ದಷ್ಟೂ ಬೇಗ. ಅದಾದ ಮೇಲೆ ಆ ಸೊಳ್ಳೆ ಬದುಕಿರುವವರೆಗೂ ಸೋಂಕು ಹಚ್ಚಬಲ್ಲದು.

ದನಕ್ಕೂ ಇದೇ ಸೊಳ್ಳೆ ಕಚ್ಚುತ್ತದೆ; ನಿಜ ಹೇಳಬೇಕೆಂದರೆ ಇದಕ್ಕೆ ದನದ ರಕ್ತವೇ ಹೆಚ್ಚು ಇಷ್ಟ. ದನದ ರಕ್ತ ಪರೀಕ್ಷಿಸಿದರೆ ಪ್ರತಿಕಾಯಗಳೂ ಕಾಣಿಸುತ್ತವೆ, ಅಂದರೆ ವೈರಸ್ ಅದರ ದೇಹದೊಳಗೆ ಹೋಗಿತ್ತು. ಆದರೆ ರಕ್ತದಲ್ಲಿ ಅದು ಮೇಲೇಳುವುದೇ ಇಲ್ಲ, ಹಾಗಾಗಿ ಮುಂದಿನ ಸೊಳ್ಳೆಗೆ ಏನೂ ಸಿಗುವುದಿಲ್ಲ. ಕಾಯಿಲೆಯೂ ಬಹಳ ಅಪರೂಪ. ಕುದುರೆಯ ಕಥೆ ಬೇರೆ. ಹೆಚ್ಚಿನ ಕುದುರೆಗಳಿಗೆ ಏನೂ ಆಗದಿದ್ದರೂ ಕೆಲವು ಕುದುರೆಗಳು ಜ್ವರ ಬಂದು ಮಂಕಾಗುತ್ತವೆ, ತೂರಾಡುತ್ತವೆ, ಕಣ್ಣು ಕಾಣದೆ ಗೋಡೆಗೆ ಒರಗಿ ನಿಲ್ಲುತ್ತವೆ, ಕೆಲವು ಸತ್ತೂ ಹೋಗುತ್ತವೆ. ಹಾಗಿದ್ದೂ ಆ ಕುದುರೆಯನ್ನು ಕಚ್ಚಿದ ಸೊಳ್ಳೆಗೆ ಸೋಂಕು ತಗಲುವುದಿಲ್ಲ. ರೋಗದ ತೀವ್ರತೆ ಬೇರೆ, ರೋಗ ಹರಡುವ ಶಕ್ತಿ ಬೇರೆ ಎಂಬುದನ್ನು ಪೋಷಕರಿಗೆ ದಯವಿಟ್ಟು ಒತ್ತಿ ಹೇಳಿ. ಮನುಷ್ಯನೂ ಈ ವಿಷಯದಲ್ಲಿ ಕುದುರೆಯ ಸಾಲಿಗೇ ಸೇರುತ್ತಾನೆ. ವೈರಸ್ ನಮ್ಮ ಮೆದುಳನ್ನು ಹಾಳು ಮಾಡಬಲ್ಲದು, ಆದರೆ ನಮ್ಮ ರಕ್ತದಿಂದ ಸೊಳ್ಳೆಗೆ ಹತ್ತಿ ಮತ್ತೊಬ್ಬರಿಗೆ ದಾಟಲಾರದು. ಆದ್ದರಿಂದ ಗುಣವಾಗಿ ಬಂದ ಆ ಮಗುವಿನ ಪಕ್ಕದಲ್ಲಿ ಯಾರು ಕುಳಿತರೂ ಏನೂ ಆಗುವುದಿಲ್ಲ. ದಯವಿಟ್ಟು ಆ ಮಗುವನ್ನು ದೂರ ಕೂರಿಸಬೇಡಿ.

ಹಂದಿಗಿಂತ ಮೊದಲು ಈ ವೈರಸ್ಸಿನ ಮೂಲ ಆಶ್ರಯ ನೀರುಹಕ್ಕಿಗಳು: ಬೆಳ್ಳಕ್ಕಿ, ಬಕ, ಇರುಳುಬಕದಂಥವು. ಅವುಗಳಿಗೆ ಕಾಯಿಲೆಯೇ ಬರುವುದಿಲ್ಲ, ಆದರೆ ರಕ್ತದಲ್ಲಿ ವೈರಸ್ ಏರುತ್ತದೆ. ಹಕ್ಕಿ ಮತ್ತು ಸೊಳ್ಳೆಯ ನಡುವೆ ಹೀಗೆ ಸುತ್ತುತ್ತಿರುವ ವೈರಸ್ಸನ್ನು ಮನುಷ್ಯರ ವಾಸದ ಬಳಿ ತಂದು ಹಲವು ಪಟ್ಟು ಹೆಚ್ಚಿಸುವುದು ಹಂದಿ. ಅದಕ್ಕೊಂದು ಕಾರಣ ಸಾಕಣೆಯ ಕ್ರಮವೇ ಆಗಿದೆ. ಹಂದಿಗಳನ್ನು ಸಾಮಾನ್ಯವಾಗಿ ವರ್ಷ ತುಂಬುವ ಮೊದಲೇ ಮಾಂಸಕ್ಕೆ ಮಾರುತ್ತಾರೆ, ಆ ಜಾಗಕ್ಕೆ ಹೊಸ ಮರಿಗಳು ಬರುತ್ತವೆ, ಹೀಗಾಗಿ ಪ್ರತಿರೋಧವೇ ಇಲ್ಲದ ಎಳೆಯ ಹಂದಿಗಳು ವೈರಸ್ಸಿಗೆ ಪ್ರತಿ ಹಂಗಾಮಿನಲ್ಲೂ ಸಿಗುತ್ತವೆ.

ಬೆಳೆದ ಹಂದಿಯನ್ನು ನೋಡಿದರೆ ಸೋಂಕು ಇದೆಯೆಂದು ಗೊತ್ತೇ ಆಗುವುದಿಲ್ಲ; ಅದು ತಿನ್ನುತ್ತದೆ, ಓಡಾಡುತ್ತದೆ. ನಷ್ಟ ಕಾಣುವುದು ಗಬ್ಬದ ಹಂದಿ ಮರಿ ಹಾಕುವಾಗ. ದಿನ ತುಂಬಿ, ಕೆಲವೊಮ್ಮೆ ದಿನ ಮೀರಿ ಆಗುವ ಆ ಸೂಲಿನಲ್ಲಿ ಒಂದೊಂದು ಮರಿ ಒಂದೊಂದು ಗಾತ್ರದ್ದಾಗಿರುತ್ತದೆ. ಕೆಲವು ಬೆರಳುದ್ದಕ್ಕೆ ಒಣಗಿ ಕಪ್ಪಾಗಿ ಸುರುಟಿಕೊಂಡಿರುತ್ತವೆ, ಕೆಲವು ಪೂರ್ತಿ ಬೆಳೆದೂ ಸತ್ತೇ ಹುಟ್ಟುತ್ತವೆ, ಅವುಗಳ ಚರ್ಮದಡಿ ನೀರು ತುಂಬಿ ಮೈ ಊದಿರುತ್ತದೆ. ಜೀವದಿಂದ ಹುಟ್ಟಿದ ಒಂದೆರಡು ಮರಿಗಳು ನಡುಗುತ್ತ, ಮೊಲೆ ಹಿಡಿಯುವ ಶಕ್ತಿಯಿಲ್ಲದೆ ಬಿದ್ದಿರುತ್ತವೆ. ಅಂಥ ಮರಿ ಸತ್ತ ಮೇಲೆ ತಲೆಬುರುಡೆ ತೆರೆದರೆ ಮೆದುಳು ಇರಬೇಕಾದ ಜಾಗದಲ್ಲಿ ಬಹುಪಾಲು ನೀರೇ ಇರುವುದನ್ನು ಕಾಣಬಹುದು. ಗಾತ್ರ ಬೇರೆ ಬೇರೆಯಾಗಲು ಕಾರಣ, ವೈರಸ್ ಗರ್ಭಕೋಶದೊಳಗೆ ಒಂದು ಭ್ರೂಣದಿಂದ ಇನ್ನೊಂದಕ್ಕೆ ಬೇರೆ ಬೇರೆ ದಿನಗಳಲ್ಲಿ ದಾಟಿರುತ್ತದೆ. ಗಂಡು ಹಂದಿಗೆ ವೃಷಣಗಳು ಊದಿಕೊಂಡು ಕೆಲಕಾಲ ಸಂತಾನಶಕ್ತಿ ಕುಂದುತ್ತದೆ. ಹಂದಿಗಳಿಗೆ ತಗಲುವ ಪಾರ್ವೊ ಎಂಬ ಇನ್ನೊಂದು ವೈರಸ್ಸಿನಲ್ಲೂ ಸೂಲು ಹೆಚ್ಚುಕಡಿಮೆ ಹೀಗೆಯೇ ಕಾಣುವುದರಿಂದ ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ಖಚಿತವಾಗಿ ಹೇಳಲಾಗದು. ಆದರೆ ಒಂದೇ ಸಮಯಕ್ಕೆ ಹಲವು ಹಂದಿಗಳು ಹೀಗೆ ಕಂದು ಹಾಕಿದರೆ ಪಶುವೈದ್ಯರಿಗೆ ತಿಳಿಸುವುದು ಸಾಕುವವರ ಹಿತಕ್ಕೆ ಮಾತ್ರವಲ್ಲ, ಸುತ್ತಲಿನ ಮಕ್ಕಳ ಹಿತಕ್ಕೂ ಅಗತ್ಯ. ಆಸ್ಟ್ರೇಲಿಯಾದ ಆಗ್ನೇಯ ಭಾಗದಲ್ಲಿ 2022ರ ಆರಂಭದಲ್ಲಿ ಈ ವೈರಸ್ ಅನಿರೀಕ್ಷಿತವಾಗಿ ಪತ್ತೆಯಾದದ್ದು ಹಂದಿ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದ ಇಂಥ ಸತ್ತ ಮರಿಗಳಿಂದಲೇ. ಮನುಷ್ಯರಲ್ಲಿನ ಪ್ರಕರಣಗಳು ಗೊತ್ತಾದದ್ದು ಅದರ ಬೆನ್ನಿಗೆ.

ಹಂದಿಗಳನ್ನು ಓಡಿಸುವುದರಿಂದ ಉಪಯೋಗವಿಲ್ಲ, ಅವು ಇನ್ನೊಂದು ಕಡೆ ಸೇರಿಕೊಳ್ಳುತ್ತವೆ, ಹಕ್ಕಿಗಳು ಇದ್ದೇ ಇರುತ್ತವೆ. ಹಂದಿಗೂಡನ್ನು ಮನೆಗಳಿಂದ ಸಾಧ್ಯವಾದಷ್ಟು ದೂರಕ್ಕೆ ಸರಿಸಿ, ಸಂಜೆಯಿಂದ ಬೆಳಗಿನವರೆಗೆ ಸೊಳ್ಳೆ ಪರದೆ ಕಟ್ಟಿದರೆ ಸ್ವಲ್ಪ ಅನುಕೂಲವಾಗುತ್ತದೆ. ಸೊಳ್ಳೆ ಕಿಲೋಮೀಟರ್‌ಗಟ್ಟಲೆ ಹಾರಬಲ್ಲದಾದ್ದರಿಂದ ಇದರಿಂದ ಪೂರ್ತಿ ರಕ್ಷಣೆ ಸಿಗುತ್ತದೆಂದು ನಾನು ಹೇಳುವುದಿಲ್ಲ. ಚೆನ್ನಾಗಿ ಬೇಯಿಸಿದ ಮಾಂಸದಿಂದ ಈ ರೋಗ ಬರುವುದಿಲ್ಲ.

ಉತ್ತರ: ಮಕ್ಕಳವಾರ್ಡು

ಮೇಲಿನ ಉತ್ತರವನ್ನು ಓದಿ ಸಂತೋಷವಾಯಿತು. ಮಕ್ಕಳ ವೈದ್ಯನಾಗಿ ಮನುಷ್ಯರ ಭಾಗವನ್ನು ನಾನು ಬರೆಯುತ್ತೇನೆ.

ಸೋಂಕು ತಗಲಿದವರಲ್ಲಿ ಬಹುತೇಕ ಎಲ್ಲರಿಗೂ ಏನೂ ಆಗುವುದಿಲ್ಲ, ಅಥವಾ ಸಾಧಾರಣ ಜ್ವರ ಬಂದು ಹೋಗುತ್ತದೆ. ಸುಮಾರು 250 ಸೋಂಕುಗಳಲ್ಲಿ ಒಂದು ಮಾತ್ರ ಮೆದುಳಿಗೆ ಏರುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಈ ಅಂಕಿಯನ್ನು ಕೇಳಿ ನೆಮ್ಮದಿ ಪಡುವವರಿದ್ದಾರೆ. ಆದರೆ ಮೆದುಳಿಗೆ ಏರಿದವರಲ್ಲಿ ಸಾವಿನ ಪ್ರಮಾಣ ಶೇಕಡಾ 30ರವರೆಗೆ ಇರಬಹುದು, ಶೇಕಡಾ 30ರಿಂದ 50ರಷ್ಟು ಮಂದಿಗೆ ಶಾಶ್ವತ ನ್ಯೂನತೆ ಉಳಿಯಬಹುದು. ಹೀಗೆ ಏರಿದ ಮೇಲೆ ವೈರಸ್ಸನ್ನು ಕೊಲ್ಲುವ ಔಷಧ ಈವರೆಗೂ ಇಲ್ಲ. ನಾವು ಮಾಡಬಲ್ಲದ್ದು ಸೆಳವನ್ನು ತಡೆಯುವುದು, ಮೆದುಳಿನ ಬಾವನ್ನು ಇಳಿಸುವುದು, ಉಸಿರಾಟಕ್ಕೆ ಆಸರೆ ಕೊಡುವುದು, ನೀರು ಮತ್ತು ಸಕ್ಕರೆಯ ಮಟ್ಟವನ್ನು ಕಾಯುವುದು. ಹೋರಾಟ ಮಾಡಬೇಕಾದದ್ದು ಮಗುವಿನ ದೇಹವೇ.

ಸೊಳ್ಳೆ ಕಚ್ಚಿದ 4ರಿಂದ 14 ದಿನಗಳಲ್ಲಿ ಜ್ವರ, ತಲೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಅಲ್ಲಿಯವರೆಗೆ ಅದು ಯಾವ ಜ್ವರವೂ ಆಗಿರಬಹುದು. ಒಂದೆರಡು ದಿನಗಳಲ್ಲಿ ಮಗು ಮಾತು ತಪ್ಪುತ್ತದೆ, ಕರೆದರೆ ತಿರುಗುವುದಿಲ್ಲ, ಅದಕ್ಕೆ ಸೆಳವು ಬರುತ್ತದೆ. ಸೆಳವು ಎಂದರೆ ಎಲ್ಲರೂ ಕೈಕಾಲು ಜೋರಾಗಿ ಅದುರುವುದನ್ನೇ ನಿರೀಕ್ಷಿಸುತ್ತಾರೆ. ಈ ಕಾಯಿಲೆಯಲ್ಲಿ ಕೆಲವೊಮ್ಮೆ ಒಂದು ಬೆರಳು, ಒಂದು ರೆಪ್ಪೆ, ತುಟಿಯ ಒಂದು ಮೂಲೆ ಮಾತ್ರ ಅದುರುತ್ತಿರುತ್ತದೆ, ಮಗು ನಿದ್ದೆ ಮಾಡುತ್ತಿದೆಯೆಂದು ಮನೆಯವರು ಭಾವಿಸಿರುತ್ತಾರೆ. ಜ್ವರದ ಮಗುವಿನ ಪ್ರಜ್ಞೆಯಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಆಸ್ಪತ್ರೆಗೆ ಕರೆತನ್ನಿ ಎಂದು ನಾವು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ.

ಈ ವೈರಸ್ ಮೆದುಳಿನ ಆಳದಲ್ಲಿರುವ, ಚಲನೆಯನ್ನು ನಿಯಂತ್ರಿಸುವ ಭಾಗಗಳನ್ನು ವಿಶೇಷವಾಗಿ ಹಿಡಿಯುತ್ತದೆ. ಹಾಗಾಗಿ ಕೆಲವು ಮಕ್ಕಳ ಮುಖದಲ್ಲಿ ಭಾವನೆಯೇ ಮೂಡುವುದಿಲ್ಲ, ಕೈ ನಡುಗುತ್ತದೆ, ಮೈ ಬಿಗಿಯಾಗುತ್ತದೆ. ವಯಸ್ಸಾದವರ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕಾಣುವ ಲಕ್ಷಣಗಳು ಎಳೆಯ ಮಗುವಿನಲ್ಲಿ ಕಾಣುತ್ತವೆ. ಇನ್ನು ಕೆಲವರಿಗೆ ಪೋಲಿಯೊ ರೀತಿಯಲ್ಲಿ ಒಂದು ಕಾಲು ಅಥವಾ ಕೈ ಸೋಲುತ್ತದೆ. ರೋಗವನ್ನು ಖಚಿತಪಡಿಸುವುದು ಬೆನ್ನಿನಿಂದ ತೆಗೆದ ನೀರಿನಲ್ಲಿ ಹೊಸ ಸೋಂಕಿನಲ್ಲಿ ಮೊದಲು ಹುಟ್ಟುವ ಐಜಿಎಂ ಪ್ರತಿಕಾಯ ಇದೆಯೇ ಎಂದು ಎಲೈಸಾ ಎಂಬ ಪ್ರಯೋಗಾಲಯ ವಿಧಾನದಿಂದ ಪರೀಕ್ಷಿಸುವ ಮೂಲಕ. ಬೆನ್ನಿನಿಂದ ನೀರು ತೆಗೆದರೆ ಮಗುವಿನ ಕಾಲು ಹೋಗುತ್ತದೆ ಎಂಬ ಹೆದರಿಕೆಯಿಂದ ಪೋಷಕರು ಒಪ್ಪದಿರುವುದನ್ನು ನಾನು ಆಗಾಗ ಕಾಣುತ್ತೇನೆ. ಕಾಲಿನ ಶಕ್ತಿ ಹೋಗುವುದು ರೋಗದಿಂದ, ಪರೀಕ್ಷೆಯಿಂದಲ್ಲ. ಸಭೆಯಲ್ಲಿ ಇದನ್ನೂ ತಾವು ಹೇಳಿದರೆ ನಮಗೆ ದೊಡ್ಡ ಉಪಕಾರವಾಗುತ್ತದೆ.

ಉತ್ತರ: ಅಕ್ಕ

ವೈದ್ಯರು "ಶಾಶ್ವತ ನ್ಯೂನತೆ" ಎಂದು ಬರೆದಿದ್ದಾರೆ. ಅದು ಮನೆಯಲ್ಲಿ ಹೇಗಿರುತ್ತದೆಂದು ಪೋಷಕರಿಗೆ ತಿಳಿಯಲಿ ಎಂದು ನಾನೂ ಕೆಲವು ಮಾತು ಸೇರಿಸುತ್ತೇನೆ.

ನನ್ನ ತಮ್ಮನಿಗೆ ಚಿಕ್ಕಂದಿನಲ್ಲಿ ಈ ಜ್ವರ ಬಂದಿತ್ತು. ಬದುಕಿ ಉಳಿದ. ಅವನು ನಡೆಯುತ್ತಾನೆ, ಊಟ ಮಾಡುತ್ತಾನೆ, ಹಾಗಾಗಿ ನೋಡಿದವರೆಲ್ಲ ಪೂರ್ತಿ ಗುಣವಾಗಿದ್ದಾನೆ ಎನ್ನುತ್ತಾರೆ. ಆದರೆ ಓದಿದ್ದು ಮರುದಿನಕ್ಕೆ ನೆನಪಿರುವುದಿಲ್ಲ, ಕಾರಣವಿಲ್ಲದೆ ಸಿಟ್ಟು ಉಕ್ಕುತ್ತದೆ, ಅಂಗಿಯ ಗುಂಡಿ ಹಾಕುವಾಗ ಬಲಗೈ ಬೆರಳುಗಳು ಮಾತು ಕೇಳುವುದಿಲ್ಲ. ಸೆಳವಿನ ಮಾತ್ರೆಯನ್ನು ಈಗಲೂ ತಪ್ಪಿಸುವಂತಿಲ್ಲ. ಶಾಲೆಯಲ್ಲಿ ಅವನನ್ನು ಸೋಮಾರಿ ಎಂದು ದಂಡಿಸಿದ್ದರು, ಅದು ಕಾಯಿಲೆಯ ಫಲವೆಂದು ಯಾರಿಗೂ ತಿಳಿದಿರಲಿಲ್ಲ. ಶಾಲ್ಮಲಾ ಮೇಡಂ, ನಿಮ್ಮ ತರಗತಿಗೆ ಮರಳಿದ ಆ ಮಗುವನ್ನು ಗಮನವಿಟ್ಟು ನೋಡಿ. ಬರವಣಿಗೆ ನಿಧಾನವಾಗಿದ್ದರೆ, ಹೇಳಿದ್ದು ಮರೆತುಹೋಗುತ್ತಿದ್ದರೆ ಮನೆಯವರಿಗೆ ತಿಳಿಸಿ. ಫಿಸಿಯೊಥೆರಪಿಯೂ ವಿಶೇಷ ಕಲಿಕೆಯೂ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಶಾಲ್ಮಲಾ

ಎಲ್ಲರಿಗೂ ಕೃತಜ್ಞತೆಗಳು. ಅಕ್ಕ ಅವರೇ, ನೀವು ಬರೆದದ್ದನ್ನು ನಮ್ಮ ಶಾಲೆಯ ಉಳಿದ ಶಿಕ್ಷಕರಿಗೂ ಓದಿ ಹೇಳುತ್ತೇನೆ. ಇನ್ನೆರಡು ವಿಷಯ ಕೇಳಬೇಕಾಗಿದೆ. ಸೊಳ್ಳೆಯನ್ನೇ ನಿರ್ಮೂಲ ಮಾಡಲು ಸಾಧ್ಯವಿಲ್ಲವೇ, ಹೊಗೆ ಹಾಕಿಸುವುದರಿಂದ ಏನಾದರೂ ಪ್ರಯೋಜನವಿದೆಯೇ? ಮತ್ತು ಆ ತಂದೆಯ ಪ್ರಶ್ನೆಗೆ, ಅಂದರೆ ಇತರ ಮಕ್ಕಳ ಲಸಿಕೆಯಿಂದ ಅವರ ಮಗನಿಗೆ ರಕ್ಷಣೆ ಸಿಗುತ್ತದೆಯೇ ಎಂಬುದಕ್ಕೆ, ನೇರ ಉತ್ತರ ಬೇಕು.

ಉತ್ತರ: ಗದ್ದೆಯಂಚು

ಸೊಳ್ಳೆಯ ಭಾಗಕ್ಕೆ ನಾನು ಉತ್ತರಿಸುತ್ತೇನೆ, ಕೀಟಶಾಸ್ತ್ರ ನನ್ನ ವೃತ್ತಿ. ಡೆಂಗಿ ಹರಡುವ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ, ಮನೆಯ ಡ್ರಮ್ಮು, ಹೂಕುಂಡ, ಟೈರಿನ ಸ್ವಚ್ಛ ನೀರಿನಲ್ಲಿ ಮೊಟ್ಟೆ ಇಡುತ್ತದೆ, ಆದ್ದರಿಂದ ಅದರ ವಿರುದ್ಧ ಪ್ರತಿ ಮನೆಯವರೂ ಏನಾದರೂ ಮಾಡಬಹುದು. ಮೆದುಳು ಜ್ವರವನ್ನು ಮುಖ್ಯವಾಗಿ ಹರಡುವ ಕ್ಯೂಲೆಕ್ಸ್ ಟ್ರೈಟೀನಿಯೊರಿಂಕಸ್ ಬೇರೆಯೇ ಬಗೆಯದು. ಕಂದು ಬಣ್ಣದ ಚಿಕ್ಕ ಸೊಳ್ಳೆ, ಅದರ ಸೊಂಡಿಲಿನ ನಡುವೆ ಬಿಳಿಚಿದ ಒಂದು ಉಂಗುರ ಕಾಣುತ್ತದೆ. ಅದು ಬೆಳೆಯುವುದು ನೀರು ನಿಂತ ಭತ್ತದ ಗದ್ದೆಯಲ್ಲಿ, ಕಚ್ಚುವುದು ಮುಸ್ಸಂಜೆಯಿಂದ ನಸುಕಿನವರೆಗೆ ಹೆಚ್ಚಾಗಿ ಮನೆಯ ಹೊರಗೆ, ಕಚ್ಚಿದ ಮೇಲೆ ಕುಳಿತು ವಿಶ್ರಮಿಸುವುದೂ ಹೊರಗೇ. ಹೀಗಿರುವಾಗ ಮನೆಯ ಗೋಡೆಗೆ ಔಷಧ ಸಿಂಪಡಿಸಿದರೆ ಅದಕ್ಕೆ ತಟ್ಟುವುದು ಕಡಿಮೆ. ಹೊಗೆ ಹಾಕಿದರೆ ಆ ಹೊತ್ತಿಗೆ ಹಾರಾಡುತ್ತಿದ್ದವು ಸಾಯುತ್ತವೆ, ವಿಶಾಲ ಬಯಲಿನ ಉಳಿದ ಸೊಳ್ಳೆಗಳು ಮರುದಿನ ಮತ್ತೆ ಬರುತ್ತವೆ. ರೋಗ ಉಲ್ಬಣಿಸಿದ ತುರ್ತಿನಲ್ಲಿ ಹೊಗೆಗೆ ಅರ್ಥವಿದೆ, ಅದನ್ನೇ ನಂಬಿ ವರ್ಷಗಟ್ಟಲೆ ಕೂರುವುದಕ್ಕಿಲ್ಲ.

ಗದ್ದೆಯ ನೀರಿನಲ್ಲಿಯೇ ಮರಿಹುಳುಗಳನ್ನು ತಡೆಯುವ ದಾರಿಯೊಂದಿದೆ. ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಬೆಚ್ಚಗಿನ ನೀರಿನಲ್ಲಿ ಸುಮಾರು ಹತ್ತು ದಿನ ಬೇಕು. ಅಷ್ಟರೊಳಗೆ ನೀರು ಬಿಟ್ಟು ಗದ್ದೆಯನ್ನು ಒಣಗಿಸಿ ಮತ್ತೆ ಕಟ್ಟುವ ಕ್ರಮವನ್ನು ಅನುಸರಿಸಿದರೆ ಮರಿಹುಳುಗಳು ಬೆಳೆಯುವ ಮೊದಲೇ ಸಾಯುತ್ತವೆ, ನೀರೂ ಉಳಿಯುತ್ತದೆ. ಆದರೆ ಭತ್ತ ಹೂ ಬಿಡುವ ಹೊತ್ತಿಗೆ ಒಣಗಿಸುವಂತಿಲ್ಲ, ಕಾಲುವೆ ನೀರಿನ ಸರದಿ ರೈತನೊಬ್ಬನ ಕೈಯಲ್ಲಿರುವುದಿಲ್ಲ, ಮತ್ತು ಬಯಲಿನ ಎಲ್ಲರೂ ಒಟ್ಟಿಗೆ ಮಾಡದಿದ್ದರೆ ಪಕ್ಕದ ಗದ್ದೆಯೇ ಸೊಳ್ಳೆಗಳಿಗೆ ಸಾಕಾಗುತ್ತದೆ. ಕೀಟನಾಶಕವನ್ನು ನಾನು ಶಿಫಾರಸು ಮಾಡುವುದಿಲ್ಲ. ಮರಿಹುಳುಗಳನ್ನು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರುತಿಗಣೆಗಳೂ ಅದರಿಂದ ಮೊದಲು ಸಾಯುತ್ತವೆ, ಬೆಳೆಗೆ ಹೊಡೆಯುವ ಔಷಧಗಳಿಗೆ ಈ ಸೊಳ್ಳೆ ಈಗಾಗಲೇ ಹಲವೆಡೆ ಒಗ್ಗಿಕೊಂಡಿದೆ. ಸಂಜೆ ಮೈ ಮುಚ್ಚುವ ಬಟ್ಟೆ, ಮುಲಾಮು, ರಾತ್ರಿ ಸೊಳ್ಳೆ ಪರದೆ, ಇವು ಖಂಡಿತ ಬೇಕು. ಸೊಳ್ಳೆಯನ್ನು ನಿರ್ಮೂಲ ಮಾಡುತ್ತೇವೆ ಎಂಬ ಮಾತನ್ನು ಮಾತ್ರ ನಾನು ಯಾರಿಗೂ ಕೊಡಲಾರೆ.

ಉತ್ತರ: ಮಕ್ಕಳವಾರ್ಡು

ಆ ತಂದೆಯ ಪ್ರಶ್ನೆಗೆ ನೇರ ಉತ್ತರ: ಇಲ್ಲ, ಇತರ ಮಕ್ಕಳ ಲಸಿಕೆ ಅವರ ಮಗನನ್ನು ಸ್ವಲ್ಪವೂ ಕಾಪಾಡುವುದಿಲ್ಲ.

ದಡಾರ ಮನುಷ್ಯನಿಂದ ಮನುಷ್ಯನಿಗೆ ಹರಡುತ್ತದೆ. ಸುತ್ತಲಿನವರೆಲ್ಲ ಲಸಿಕೆ ಪಡೆದಿದ್ದರೆ ವೈರಸ್ ಆ ಹುಡುಗನನ್ನು ತಲುಪಲು ಆಸರೆಯೇ ಸಿಗುವುದಿಲ್ಲ. ಪಶುವೈದ್ಯೆಯವರು ವಿವರಿಸಿದಂತೆ ಮೆದುಳು ಜ್ವರದ ಸರಪಳಿಯಲ್ಲಿ ಮನುಷ್ಯ ಒಂದು ಕೊಂಡಿಯೇ ಅಲ್ಲ. ತರಗತಿಯ ಎಲ್ಲ ಮಕ್ಕಳೂ ಲಸಿಕೆ ಪಡೆದರೂ ಹಕ್ಕಿಗಳ, ಹಂದಿಗಳ, ಸೊಳ್ಳೆಗಳ ನಡುವೆ ಓಡಾಡುವ ವೈರಸ್ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಜಪಾನಿನ ಅನುಭವವೇ ಇದಕ್ಕೆ ಸಾಕ್ಷಿ. 1924ರಲ್ಲಿ ಅಲ್ಲಿ 6,000ಕ್ಕೂ ಹೆಚ್ಚು ಜನರಿಗೆ ಈ ರೋಗ ತಗಲಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತೀರಿಕೊಂಡರು. 1960ರ ದಶಕದ ಮಧ್ಯದವರೆಗೂ ಪ್ರಕರಣಗಳು ವರ್ಷಕ್ಕೆ ಸಾವಿರ ಮೀರುತ್ತಿದ್ದವು. ಮಕ್ಕಳಿಗೆ ವ್ಯಾಪಕವಾಗಿ ಲಸಿಕೆ ಹಾಕಿದ ಮೇಲೆ, ಜೊತೆಗೆ ಕೃಷಿಯ ಮತ್ತು ಹಂದಿ ಸಾಕಣೆಯ ರೀತಿ ಬದಲಾದ ಮೇಲೆ, ಅವು ವರ್ಷಕ್ಕೆ ಬೆರಳೆಣಿಕೆಗೆ ಇಳಿದವು. ಆದರೂ ಅಲ್ಲಿನ ಹಂದಿಗಳ ರಕ್ತವನ್ನು ಬೇಸಿಗೆಯಲ್ಲಿ ಪರೀಕ್ಷಿಸಿದಾಗ ಹೊಸ ಸೋಂಕಿನ ಗುರುತು ಇಂದಿಗೂ ಸಿಗುತ್ತದೆ. ವೈರಸ್ ಎಲ್ಲಿಗೂ ಹೋಗಿಲ್ಲ. ಲಸಿಕೆ ಪಡೆದ ಪ್ರತಿ ಮಗುವೂ ತನ್ನದೇ ರಕ್ಷಣೆಯಿಂದ ಉಳಿದಿದೆ.

ಭಾರತದಲ್ಲಿ ಈ ರೋಗ ಗುರುತಿಗೆ ಬಂದದ್ದು 1955ರಲ್ಲಿ, ವೆಲ್ಲೂರಿನಲ್ಲಿ. 2005ರಲ್ಲಿ ಗೋರಖಪುರ ಮತ್ತು ಪೂರ್ವ ಉತ್ತರ ಪ್ರದೇಶದ ಜಿಲ್ಲೆಗಳಲ್ಲಿ ಸಾವಿರಕ್ಕೂ ಹೆಚ್ಚು ಜೀವಗಳು ಹೋದವು, ಅವರಲ್ಲಿ ಬಹುಪಾಲು ಮಕ್ಕಳು. ಮರುವರ್ಷವೇ 1ರಿಂದ 15 ವರ್ಷದ ಮಕ್ಕಳಿಗೆ ಲಸಿಕಾ ಅಭಿಯಾನ ಆರಂಭವಾಯಿತು. ಆಗ ಬಳಸಿದ್ದು ಚೀನಾದಲ್ಲಿ ತಯಾರಾದ ಜೀವಂತ ಲಸಿಕೆ, ಅಂದರೆ ದುರ್ಬಲಗೊಳಿಸಿದ ವೈರಸ್ಸಿನಿಂದ ಮಾಡಿದ್ದು. 2013ರಲ್ಲಿ ಕೋಲಾರದ ರೋಗಿಯಿಂದ ಬೇರ್ಪಡಿಸಿದ ವೈರಸ್ ತಳಿಯನ್ನು ನಿಷ್ಕ್ರಿಯಗೊಳಿಸಿ ಮಾಡಿದ ಲಸಿಕೆ, ಜೆನ್ವ್ಯಾಕ್, ಬಳಕೆಗೆ ಬಂತು. ರೋಗ ಕಂಡುಬರುವ ಜಿಲ್ಲೆಗಳಲ್ಲಿ ಮಕ್ಕಳಿಗೆ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು, ಹೀಗೆ ಎರಡು ಡೋಸ್ ಕೊಡಲಾಗುತ್ತದೆ. ಚುಚ್ಚಿದ ಜಾಗದಲ್ಲಿ ನೋವು, ಒಂದೆರಡು ದಿನದ ಜ್ವರ ಸಾಮಾನ್ಯ. ಮಗನು ಚುಚ್ಚುಮದ್ದಿಗೆ ಹೆದರುತ್ತಾನೆಂದರೆ ಆ ತಂದೆ ಲಸಿಕೆ ಹಾಕುವವರಿಗೆ ಮೊದಲೇ ತಿಳಿಸಲಿ, ಮಡಿಲಲ್ಲಿ ಕೂರಿಸಿಕೊಂಡು ಹಾಕಿಸಲಿ. ಹೆದರುವ ಮಕ್ಕಳನ್ನು ನೋಡಿಕೊಳ್ಳುವುದು ನಮಗೆ ನಿತ್ಯದ ಕೆಲಸ.

ಉತ್ತರ: ಕೊಟ್ಟಿಗೆವೈದ್ಯೆ

ಹಂದಿಗಳಿಗೇ ಲಸಿಕೆ ಹಾಕಬಾರದೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯಾರು. ಜಪಾನ್, ಕೊರಿಯಾದಂಥ ಕಡೆ ತಳಿಗೆ ಇಟ್ಟುಕೊಂಡ ಹೆಣ್ಣು ಹಂದಿಗಳಿಗೆ ಹಂಗಾಮಿಗೆ ಮೊದಲು ಹಾಕುತ್ತಾರೆ, ಅದರಿಂದ ಸೂಲು ಉಳಿಯುತ್ತದೆ. ಆದರೆ ಮಾಂಸಕ್ಕೆ ಬೆಳೆಸುವ ಎಲ್ಲ ಮರಿಗಳಿಗೂ ಹಾಕಿ ವೈರಸ್ಸಿನ ದಾರಿ ಕಟ್ಟುವುದು ಕಷ್ಟ. ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಮರಿಗಳಲ್ಲಿ ಲಸಿಕೆಯ ಕೆಲಸಕ್ಕೆ ಅಡ್ಡಬರುತ್ತವೆ, ಅವು ಕರಗುವ ಹೊತ್ತಿಗೆ ಸೊಳ್ಳೆಯ ಕಾಲ ಬಂದಿರುತ್ತದೆ, ಮತ್ತು ಕೆಲವೇ ತಿಂಗಳು ಇಟ್ಟುಕೊಳ್ಳುವ ಪ್ರಾಣಿಗೆ, ಅದರ ಸ್ವಂತ ಆರೋಗ್ಯಕ್ಕೆ ತೊಂದರೆಯೇ ಮಾಡದ ಸೋಂಕಿಗಾಗಿ ಖರ್ಚು ಮಾಡಿ ಎಂದು ಬಡ ಸಾಕಣೆದಾರರಿಗೆ ಹೇಳುವುದು ನ್ಯಾಯವಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಶಾಲ್ಮಲಾ

ಸಭೆಗೆ ಬೇಕಾದದ್ದೆಲ್ಲ ಸಿಕ್ಕಿತು. ಒಂದು ಕಡೆಯ ಸಂದೇಹ: ಎರಡೂ ಡೋಸ್ ಆದ ಮಗುವಿಗೆ ಜ್ವರದೊಂದಿಗೆ ಸೆಳವು ಬಂದರೆ, ಅದು ಮೆದುಳು ಜ್ವರವಲ್ಲ ಎಂದು ಮನೆಯವರು ನಿಶ್ಚಿಂತರಾಗಿರಬಹುದೇ?

ಉತ್ತರ: ಮಕ್ಕಳವಾರ್ಡು

ಖಂಡಿತ ಇರಬಾರದು. ಲಸಿಕೆ ತಡೆಯುವುದು ಈ ಒಂದು ವೈರಸ್ಸನ್ನು ಮಾತ್ರ. ಜ್ವರ, ಸೆಳವು, ಪ್ರಜ್ಞೆ ತಪ್ಪುವಿಕೆ ಒಟ್ಟಿಗೆ ಬರುವ ಕಾಯಿಲೆಗಳು ಇನ್ನೂ ಹಲವಿವೆ. ಗೋರಖಪುರದ ಭಾಗದಲ್ಲಿ ಲಸಿಕೆ ಬಂದ ಮೇಲೂ ಮಕ್ಕಳು ಇಂಥ ಲಕ್ಷಣಗಳಿಂದ ಆಸ್ಪತ್ರೆಗೆ ಬರುತ್ತಲೇ ಇದ್ದಾಗ ಪರೀಕ್ಷಿಸಿ ನೋಡಿದರೆ, ಅವರಲ್ಲಿ ಅನೇಕರಿಗೆ ಇದ್ದದ್ದು ನುಸಿಯಂಥ ಸಣ್ಣ ಜೀವಿಯ ಕಡಿತದಿಂದ ಬರುವ ಸ್ಕ್ರಬ್ ಟೈಫಸ್. ಅದು ಬ್ಯಾಕ್ಟೀರಿಯಾದ ಕಾಯಿಲೆ, ಡಾಕ್ಸಿಸೈಕ್ಲಿನ್ ಅಥವಾ ಅಜಿತ್ರೊಮೈಸಿನ್ ಬೇಗ ಕೊಟ್ಟರೆ ವಾಸಿಯಾಗುತ್ತದೆ, ತಡವಾದರೆ ಜೀವಕ್ಕೆ ಅಪಾಯ. ಆದ್ದರಿಂದ ಲಸಿಕೆ ಆಗಿದ್ದರೂ ಆಗದಿದ್ದರೂ ಮನೆಯವರು ಮಾಡಬೇಕಾದದ್ದು ಒಂದೇ: ಮಗುವನ್ನು ಒಂದು ಬದಿಗೆ ಮಲಗಿಸಿ, ಬಾಯಿಗೆ ನೀರಾಗಲಿ ಔಷಧವಾಗಲಿ ಹಾಕದೆ, ಹಲ್ಲಿನ ನಡುವೆ ಏನನ್ನೂ ಇಡದೆ, ಹತ್ತಿರದ ಆಸ್ಪತ್ರೆಗೆ ಆ ಕ್ಷಣವೇ ಹೊರಡುವುದು. ಲಸಿಕೆಯ ಕಾರ್ಡನ್ನೂ ಜೊತೆಯಲ್ಲಿ ತರಲಿ.